ಸರಾಸರಿಯ ಗೆರೆಗೆ ಯಾವ ಹೆಸರು? ಮಳೆ ಮತ್ತು ಜಲಾಶಯದ ಚಾರ್ಟ್‌ಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಮುಂಗಾರಿನ ನಾಲ್ಕು ತಿಂಗಳು ಕನ್ನಡದ ಪತ್ರಿಕೆಗಳಲ್ಲಿಯೂ ಜಾಲತಾಣಗಳಲ್ಲಿಯೂ ಒಂದೇ ಬಗೆಯ ಚಾರ್ಟ್ ಮತ್ತೆ ಮತ್ತೆ ಪ್ರಕಟವಾಗುತ್ತದೆ. ಸುರಿದ ಮಳೆಯನ್ನು ತೋರಿಸುವ ಕಂಬಗಳು, ಅವುಗಳನ್ನು ಅಡ್ಡ ಹಾಯುವ ಒಂದು ತುಂಡುಗೆರೆ, ಗೆರೆಯ ತುದಿಯಲ್ಲಿ ‘ಸರಾಸರಿ’ ಎಂಬ ಒಂಟಿ ಪದ. ಅಂಕಿಗಳನ್ನು ತಾವೇ ಹುಡುಕಿ ತಂದಿರುವುದರಿಂದ ಚಾರ್ಟ್ ತಯಾರಿಸಿದವರಿಗೆ ಆ ಪದ ಸಾಕೆನಿಸುತ್ತದೆ. ಓದುಗರಿಗಾದರೋ ಅದು ಯಾವ ವರ್ಷಗಳ ಸರಾಸರಿ, ಎಷ್ಟು ಪ್ರದೇಶದ ಸರಾಸರಿ, ಹೇಗೆ ತೆಗೆದ ಸರಾಸರಿ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುವುದಿಲ್ಲ. ಬಳಕೆಯಲ್ಲಿರುವ ಲೇಬಲ್‌ಗಳನ್ನು ಈ ಮೂರು ಪ್ರಶ್ನೆಗಳ ಎದುರು ಇಟ್ಟು, ಯಾವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಇಲ್ಲಿ ಹೋಲಿಸಲಾಗಿದೆ. ಮೂರಕ್ಕೂ ಜಾಗವಿಲ್ಲ, ಒಂದನ್ನಷ್ಟೇ ಹೇಳಬಹುದು ಎಂಬ ಇಕ್ಕಟ್ಟು ಬಂದರೆ ವರ್ಷಗಳನ್ನು ಉಳಿಸಿಕೊಂಡು ಉಳಿದವನ್ನು ಅಡಿಟಿಪ್ಪಣಿಗೆ ಕಳುಹಿಸಬೇಕು ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳು ಮುಂದೆ ಬರುತ್ತವೆ.

‘ವಾಡಿಕೆ’ಯೋ ‘ಸರಾಸರಿ’ಯೋ

ಮಳೆಯ ವಿಷಯದಲ್ಲಿ ಕನ್ನಡ ಓದುಗರಿಗೆ ಅತ್ಯಂತ ಪರಿಚಿತವಾದ ಪದ ‘ವಾಡಿಕೆ ಮಳೆ’. ಹವಾಮಾನ ವರದಿಗಳಲ್ಲಿ, ಕೃಷಿ ಇಲಾಖೆಯ ಪ್ರಕಟಣೆಗಳಲ್ಲಿ, ಹಳ್ಳಿಯ ಮಾತಿನಲ್ಲಿ ಎಲ್ಲೆಡೆಯೂ ಅದು ಸಲೀಸಾಗಿ ಓಡಾಡುತ್ತದೆ. ಇಷ್ಟು ಮಳೆ ಬರುವುದು ರೂಢಿ ಎಂಬ ನಿರೀಕ್ಷೆಯ ಭಾವ ಅದರಲ್ಲಿದೆ, ‘ಸರಾಸರಿ’ಯಲ್ಲಿ ಅದು ಇಲ್ಲ. ಆದ್ದರಿಂದ ಕಂಬವು ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದೇ ಮುಖ್ಯವಾದ ಚಾರ್ಟ್‌ನಲ್ಲಿ ‘ವಾಡಿಕೆ’ಯನ್ನು ಆರಿಸಿಕೊಳ್ಳುವುದೇ ಮೇಲು.

ಆದರೆ ಈ ಪದವು ಎರಡು ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. ಒಂದನೆಯದು, ಹಲವು ವರ್ಷಗಳ ಮಳೆಯನ್ನು ಕೂಡಿಸಿ ಭಾಗಿಸಿದಾಗ ಬರುವ ಪ್ರಮಾಣ, ಅಂದರೆ ಗೆರೆ. ಎರಡನೆಯದು, ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿನ ಒಂದು ಶ್ರೇಣಿ, ಅಂದರೆ ಪಟ್ಟಿ. ಜಿಲ್ಲಾ ಮಟ್ಟದಲ್ಲಿ ಮಳೆಯು ವಾಡಿಕೆಯ ಪ್ರಮಾಣಕ್ಕಿಂತ ಶೇ 19ರಷ್ಟು ಹೆಚ್ಚಾಗಲಿ ಕಡಿಮೆಯಾಗಲಿ ಇಲಾಖೆಯು ಅದನ್ನು ‘ವಾಡಿಕೆ’ ಎಂದೇ ವರ್ಗೀಕರಿಸುತ್ತದೆ. ಶೇ 20ರಿಂದ 59ರಷ್ಟು ಕಡಿಮೆಯಾದಾಗ ಅದು ‘ಕೊರತೆ’, ಶೇ 60 ಮತ್ತು ಅದಕ್ಕಿಂತ ಹೆಚ್ಚು ಕಡಿಮೆಯಾದಾಗ ‘ತೀವ್ರ ಕೊರತೆ’. ಇಡೀ ದೇಶದ ಮುಂಗಾರಿನ ಮುನ್ಸೂಚನೆಯಲ್ಲಿ ಇದೇ ಪದದ ಅಗಲ ಬೇರೆ: ಅಲ್ಲಿ ದೀರ್ಘಾವಧಿ ಸರಾಸರಿಯ ಶೇ 96ರಿಂದ 104ರವರೆಗೆ ಮಾತ್ರ ‘ವಾಡಿಕೆ’. ಹೀಗಾಗಿ ಒಂದು ಜಿಲ್ಲೆಯ ಕಂಬವು ಗೆರೆಗಿಂತ ಶೇ 15ರಷ್ಟು ಕೆಳಗಿದ್ದರೂ ಪಕ್ಕದ ಪಟ್ಟಿಯಲ್ಲಿ ‘ವಾಡಿಕೆ ಮಳೆ’ ಎಂದು ಬರೆದಿರುತ್ತದೆ. ಎರಡೂ ಸರಿ, ಓದುಗರು ಮಾತ್ರ ಗಲಿಬಿಲಿಗೊಳ್ಳುತ್ತಾರೆ. ಗೆರೆಗೆ ‘ವಾಡಿಕೆ ಪ್ರಮಾಣ’ ಎಂದೂ ಬಣ್ಣದ ಪಟ್ಟಿಗೆ ‘ವಾಡಿಕೆ ಶ್ರೇಣಿ (ಶೇ 19 ಹೆಚ್ಚು-ಕಡಿಮೆ)’ ಎಂದೂ ಎರಡು ಹೆಸರುಗಳನ್ನು ಇಟ್ಟರೆ ಈ ತೊಡಕು ಬಿಡಿಸಿಕೊಳ್ಳುತ್ತದೆ. ಚಾರ್ಟ್‌ನಲ್ಲಿ ಒಂದನ್ನಷ್ಟೇ ಬರೆಯುವುದಾದರೂ ‘ಪ್ರಮಾಣ’ ಅಥವಾ ‘ಶ್ರೇಣಿ’ ಎಂಬ ಬಾಲವನ್ನು ಬಿಡಬಾರದು.

‘ದೀರ್ಘಾವಧಿ ಸರಾಸರಿ’ ಎಂಬುದು ಹವಾಮಾನ ಇಲಾಖೆಯ ಅಧಿಕೃತ ಪದ. ಅದರಲ್ಲಿ ಗಾಂಭೀರ್ಯವಿದೆ, ಮಾಹಿತಿ ಕಡಿಮೆ. ದೀರ್ಘ ಎಂದರೆ ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲದಿರುವುದೇ ಇದಕ್ಕೆ ಕಾರಣ. ಮುಂಗಾರಿಗೆ ಇಲಾಖೆಯು ಈಗ ಆಧಾರವಾಗಿ ಬಳಸುವುದು 1971ರಿಂದ 2020ರವರೆಗಿನ 50 ವರ್ಷಗಳನ್ನು. ವಿಶ್ವ ಹವಾಮಾನ ಸಂಸ್ಥೆಯ ಮಾನದಂಡದಂತೆ ಹವೆಯ ವಾಡಿಕೆಗೆ 30 ವರ್ಷ ಬೇಕು, ಈಗಿನ ಅವಧಿ 1991ರಿಂದ 2020. ಕೇಂದ್ರ ಜಲ ಆಯೋಗವು ದೇಶದ ಪ್ರಮುಖ ಜಲಾಶಯಗಳ ಬಗ್ಗೆ ಹೊರಡಿಸುವ ವಾರದ ವರದಿಯಲ್ಲಿ ‘ವಾಡಿಕೆ ಸಂಗ್ರಹ’ ಎಂದರೆ ಕಳೆದ 10 ವರ್ಷಗಳ ಸರಾಸರಿ ಸಂಗ್ರಹ. ಕಾವೇರಿ ಕಣಿವೆಯ ಮಳೆಯನ್ನೂ ಕೃಷ್ಣರಾಜಸಾಗರದ ಸಂಗ್ರಹವನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟು ಎರಡಕ್ಕೂ ‘ವಾಡಿಕೆ’ ಎಂದು ಬರೆದರೆ, ಒಂದು ಗೆರೆ ಅರ್ಧ ಶತಮಾನದ್ದು, ಇನ್ನೊಂದು ಒಂದು ದಶಕದ್ದು ಎಂಬುದು ಮರೆಯಾಗುತ್ತದೆ. ಹತ್ತು ವರ್ಷಗಳ ಸರಾಸರಿಯಲ್ಲಿ 2023ರಂಥ ಒಂದು ಬರಗಾಲದ ವರ್ಷಕ್ಕೆ ಹತ್ತನೆಯ ಒಂದು ಪಾಲಿನ ತೂಕವಿರುತ್ತದೆ, ಐವತ್ತು ವರ್ಷಗಳ ಸರಾಸರಿಯಲ್ಲಿ ಐವತ್ತನೆಯ ಒಂದು ಪಾಲಿನದಷ್ಟೇ. ಬರಗಾಲ ಕಳೆದ ನಂತರದ ವರ್ಷಗಳಲ್ಲಿ ಜಲಾಶಯವು ‘ವಾಡಿಕೆಗಿಂತ ಹೆಚ್ಚು’ ತುಂಬಿದಂತೆ ಕಾಣುವುದಕ್ಕೆ ಆ ಬರಗಾಲವೇ ಗೆರೆಯನ್ನು ಕೆಳಗೆ ಎಳೆದಿರುವುದೂ ಒಂದು ಕಾರಣವಾಗಿರಬಹುದು.

ವರ್ಷಗಳನ್ನು ಬರೆಯುವ ಎರಡು ಬಗೆ

ಅವಧಿಯನ್ನು ಹೇಳಲೇಬೇಕೆಂದು ಒಪ್ಪಿದ ಮೇಲೆ ‘ಕಳೆದ 30 ವರ್ಷಗಳ ಸರಾಸರಿ’ ಮತ್ತು ‘1991–2020ರ ಸರಾಸರಿ’ ಎಂಬ ಎರಡು ಆಯ್ಕೆಗಳು ಉಳಿಯುತ್ತವೆ. ಮೊದಲನೆಯದು ಕಿವಿಗೆ ಸಹಜ, ಓದಲು ಹಗುರ. ಆದರೆ ಚಾರ್ಟ್‌ಗಳು ಪ್ರಕಟವಾದ ದಿನವೇ ಸಾಯುವುದಿಲ್ಲ. ಅವು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ, ಎರಡು ವರ್ಷಗಳ ಬಳಿಕ ಯಾರದೋ ವರದಿಯಲ್ಲಿ ಮತ್ತೆ ತಲೆ ಎತ್ತುತ್ತವೆ. ಆಗ ‘ಕಳೆದ’ ಎಂಬ ಪದ ಯಾವ ದಿನದಿಂದ ಹಿಂದಕ್ಕೆ ಎಣಿಸಬೇಕೆಂದು ಹೇಳುವುದಿಲ್ಲ. ಅಷ್ಟೇ ಅಲ್ಲ, 2025ರಲ್ಲಿ ತಯಾರಿಸಿದ ಚಾರ್ಟ್‌ನಲ್ಲಿ 1991–2020ರ ಅಂಕಿಯನ್ನು ಬಳಸಿ ‘ಕಳೆದ 30 ವರ್ಷಗಳ’ ಎಂದು ಬರೆದರೆ ಅದು ಆ ದಿನವೇ ತಪ್ಪು.

ಆಧಾರ ಅವಧಿ ಬದಲಾದಾಗ ಗೆರೆಯೂ ಸರಿಯುತ್ತದೆ ಎಂಬುದಕ್ಕೆ ನಮ್ಮ ಮುಂಗಾರೇ ಉತ್ತಮ ನಿದರ್ಶನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದ ಸರಾಸರಿ ಮಳೆಯು 1951–2000ರ ಅವಧಿಗೆ 89 ಸೆಂ.ಮೀ., 1961–2010ರ ಅವಧಿಗೆ 88 ಸೆಂ.ಮೀ., 2022ರಲ್ಲಿ ಪ್ರಕಟವಾದ 1971–2020ರ ಲೆಕ್ಕದಲ್ಲಿ 87 ಸೆಂ.ಮೀ. 2023ರ ಮುಂಗಾರಿನಲ್ಲಿ ದೇಶಕ್ಕೆ ಸುರಿದ ಮಳೆ 82 ಸೆಂ.ಮೀ. ಇದು ಈಗಿನ ಗೆರೆಯ ಎದುರು ಶೇ 94, ಹಳೆಯ 89ರ ಗೆರೆಯ ಎದುರು ಶೇ 92. ಎರಡು ಅಂಶಗಳ ಈ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಇಪ್ಪತ್ತು ವರ್ಷಗಳ ಶೇಕಡಾವಾರು ಮಳೆಯನ್ನು ಆಯಾ ವರ್ಷದ ವರದಿಗಳಿಂದ ಎತ್ತಿಕೊಂಡು ಒಂದೇ ಚಾರ್ಟ್‌ನಲ್ಲಿ ಜೋಡಿಸಿದಾಗ, ‘ದೀರ್ಘಾವಧಿ ಸರಾಸರಿ = 100’ ಎಂದು ಬರೆದ ಆ ಒಂದೇ ಗೆರೆಯ ಅಡಿಯಲ್ಲಿ ವಾಸ್ತವವಾಗಿ ಮೂರು ಗೆರೆಗಳು ಅಡಗಿರುತ್ತವೆ. ಇಂಥಲ್ಲಿ ಮಾಡಬೇಕಾದ್ದು ಎಲ್ಲ ವರ್ಷಗಳ ಮಿಲಿಮೀಟರ್ ಅಂಕಿಗಳನ್ನು ತಂದು ಒಂದೇ ಆಧಾರದ ಮೇಲೆ ಮತ್ತೆ ಲೆಕ್ಕ ಹಾಕಿ, ಆ ಆಧಾರವನ್ನು ಲೇಬಲ್‌ನಲ್ಲಿ ಬರೆಯುವುದು. ಅದು ಆಗದ ಕೆಲಸವೆಂದಾದರೆ ಗೆರೆಯನ್ನು ಎಳೆಯದೆ ಬಿಡುವುದೇ ಒಳಿತು.

ಬರ ಘೋಷಣೆಯ ಅಳತೆಗೋಲುಗಳಲ್ಲಿ ಮೊದಲನೆಯದು ವಾಡಿಕೆಯಿಂದ ಮಳೆಯು ಎಷ್ಟು ಕೆಳಗಿಳಿದಿದೆ ಎಂಬುದೇ ಆಗಿರುವುದರಿಂದ ಇದನ್ನು ಚಾರ್ಟ್ ಮಾಡುವವರ ಸೂಕ್ಷ್ಮತೆಯ ಗೀಳು ಎಂದು ತಳ್ಳಿಹಾಕುವಂತಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತು. ತಮ್ಮ ತಾಲ್ಲೂಕಿನ ಚಾರ್ಟ್ ನೋಡುವವರು ‘ವಾಡಿಕೆ’ ಎಂದರೆ ಯಾವ ವರ್ಷಗಳದ್ದು ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಆಯ್ಕೆ ಹೀಗಿರಲಿ: ಸ್ಥಿರ ಆಧಾರವಿದ್ದರೆ ‘1991–2020ರ ಸರಾಸರಿ’ ಎಂಬ ರೂಪ. ಜಲ ಆಯೋಗದ ವರದಿಯಂತೆ ವರ್ಷದಿಂದ ವರ್ಷಕ್ಕೆ ಸರಿಯುವ ಆಧಾರವಿದ್ದರೆ ‘ಹಿಂದಿನ 10 ವರ್ಷಗಳ (2015–2024) ಸರಾಸರಿ’ ಎಂದು ಎರಡನ್ನೂ ಸೇರಿಸುವುದು.

ಕೂಡಿಸಿ ಭಾಗಿಸಿದ್ದೋ, ನಡುವೆ ನಿಂತದ್ದೋ

ಒಂದು ಒಣಭೂಮಿಯ ಊರಿನ ಐದು ವರ್ಷಗಳ ಜೂನ್ ಮಳೆಯು 40, 50, 55, 60 ಮತ್ತು 195 ಮಿ.ಮೀ. ಎಂದು ಭಾವಿಸೋಣ. ಸರಾಸರಿ 80. ಐದರಲ್ಲಿ ನಾಲ್ಕು ವರ್ಷ ಮಳೆ ಸರಾಸರಿಗಿಂತ ಕಡಿಮೆಯೇ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಮಧ್ಯಾಂಕ 55. ಚಿತ್ರದುರ್ಗದಂಥ ಕಡಿಮೆ ಮಳೆಯ ಸೀಮೆಯಲ್ಲಿ, ಅದರಲ್ಲೂ ವಾರ ಅಥವಾ ತಿಂಗಳಿನಂಥ ಕಿರು ಅವಧಿಯ ಲೆಕ್ಕದಲ್ಲಿ, ಒಂದೆರಡು ಜಡಿಮಳೆಗಳು ಸರಾಸರಿಯನ್ನು ಮೇಲಕ್ಕೆ ಎಳೆಯುವುದು ಸಾಮಾನ್ಯ. ರೈತರು ‘ಪ್ರತಿ ವರ್ಷವೂ ವಾಡಿಕೆಗಿಂತ ಕಡಿಮೆ ಎಂದೇ ಹೇಳುತ್ತಾರಲ್ಲ’ ಎಂದು ಬೇಸರಿಸಿಕೊಳ್ಳುವುದಕ್ಕೆ ಅಂಕಗಣಿತದಲ್ಲಿಯೇ ಒಂದು ಕಾರಣವಿದೆ.

ಮಧ್ಯಾಂಕವನ್ನು ಬಳಸುವುದಾದರೆ ಅದಕ್ಕೆ ‘ಸರಾಸರಿ’ ಎಂಬ ಹೆಸರನ್ನು ಯಾವ ಕಾರಣಕ್ಕೂ ಕೊಡಬಾರದು. ‘ಮಧ್ಯಾಂಕ’ ಎಂಬ ಪದವನ್ನು ಶಾಲೆಯ ಗಣಿತದಲ್ಲಿ ಓದಿದ್ದರೂ ಬಹುತೇಕರು ಅದನ್ನು ಪರೀಕ್ಷೆಯ ಕೋಣೆಯಲ್ಲಿಯೇ ಬಿಟ್ಟು ಬಂದಿರುತ್ತಾರೆ. ಆದ್ದರಿಂದ ಬರಿಯ ‘ಮಧ್ಯಾಂಕ’ ತಜ್ಞರ ವರದಿಗೆ ಸಾಕು, ಸಾರ್ವಜನಿಕ ಚಾರ್ಟ್‌ಗೆ ಸಾಲದು. ‘ಮಧ್ಯದ ವರ್ಷ’ ಎಂಬ ಬದಲಿ ಲೇಬಲ್ ಇನ್ನೂ ಕೆಟ್ಟದ್ದು, ಏಕೆಂದರೆ ಅವಧಿಯ ನಡುವಿನ ವರ್ಷ, ಅಂದರೆ 1991–2020ರಲ್ಲಿ 2005ರ ಆಸುಪಾಸು, ಎಂಬ ಅರ್ಥವೂ ಅದಕ್ಕೆ ಬರುತ್ತದೆ. ನಾನು ಆರಿಸಿಕೊಳ್ಳುವುದು ‘ಮಧ್ಯಾಂಕ: ಅರ್ಧದಷ್ಟು ವರ್ಷಗಳಲ್ಲಿ ಇದಕ್ಕಿಂತ ಕಡಿಮೆ ಮಳೆ’ ಎಂಬ ಉದ್ದನೆಯ ರೂಪವನ್ನು. ಉದ್ದವಾದರೂ ಅದು ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುತ್ತದೆ.

ಕೃಷಿ ಮಾರುಕಟ್ಟೆಯ ಪಟ್ಟಿಗಳಲ್ಲಿ ಕನಿಷ್ಠ ಮತ್ತು ಗರಿಷ್ಠ ದರಗಳ ಜೊತೆಗೆ ಬರುವ ಮಾದರಿ ದರವೂ ಸರಾಸರಿಯಲ್ಲ. ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ ಅದು. ಅದನ್ನು ಚಾರ್ಟ್‌ಗೆ ತಂದಾಗ ‘ಸರಾಸರಿ ದರ’ ಎಂದು ಹೆಸರು ಬದಲಿಸುವ ಅಭ್ಯಾಸವನ್ನು ಬಿಡಬೇಕು. ಹಾಗೆಯೇ ‘ತಲಾ ಆದಾಯ’ವನ್ನು ‘ಸರಾಸರಿ ಕನ್ನಡಿಗರ ಆದಾಯ’ ಎಂದು ಬರೆಯುವುದೂ ಸಲ್ಲದು. ಒಟ್ಟು ಮೊತ್ತವನ್ನು ತಲೆಗಳಿಂದ ಭಾಗಿಸಿದ ಅಂಕಿ ಅದು. ಅಷ್ಟು ಆದಾಯವಿರುವ ವ್ಯಕ್ತಿ ವಿರಳವಾಗಿರಲೂಬಹುದು.

ಯಾವ ದಿನದವರೆಗಿನದು

ಹಂಗಾಮಿನ ನಡುವೆ ಪ್ರಕಟವಾಗುವ ಚಾರ್ಟ್‌ಗಳಲ್ಲಿ ‘ಹಂಗಾಮಿನ ವಾಡಿಕೆ’ ಮತ್ತು ‘ಇಂದಿನವರೆಗಿನ ವಾಡಿಕೆ’ ಎಂಬ ಎರಡು ಗೆರೆಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ದೇಶದ ಮಟ್ಟದಲ್ಲಿ ಜೂನ್‌ನ ಸರಾಸರಿ ಸುಮಾರು 16.5 ಸೆಂ.ಮೀ., ಜುಲೈನದು 28 ಸೆಂ.ಮೀ.; ಅಂದರೆ ಜುಲೈ ಮುಗಿಯುವಾಗ 44.5 ಸೆಂ.ಮೀ. ಆಸುಪಾಸು ಮಳೆಯಾಗಿದ್ದರೆ ಲೆಕ್ಕ ಸರಿಯಾಗಿಯೇ ಇದೆ. ಅದೇ ಕಂಬವನ್ನು 87 ಸೆಂ.ಮೀ. ಗೆರೆಯ ಕೆಳಗೆ ನಿಲ್ಲಿಸಿ ‘ಸರಾಸರಿ’ ಎಂದು ಬರೆದರೆ ಅರ್ಧದಷ್ಟು ಮಳೆ ಕೈಕೊಟ್ಟಂತೆ ಕಾಣುತ್ತದೆ. ‘ಜೂನ್ 1ರಿಂದ ಜುಲೈ 31ರವರೆಗಿನ ವಾಡಿಕೆ ಪ್ರಮಾಣ’ ಎಂದು ಎರಡೂ ದಿನಾಂಕಗಳನ್ನು ಬರೆದ ಲೇಬಲ್‌ಗೆ ಇಲ್ಲಿ ಪರ್ಯಾಯವಿಲ್ಲ. ‘ಇಂದಿನವರೆಗೆ’ ಎಂಬುದಕ್ಕೂ ‘ಕಳೆದ’ ಎಂಬುದಕ್ಕೆ ಅಂಟಿದ ದೋಷವೇ ಅಂಟಿದೆ.

ದಿನದಿನದ ಏರಿಳಿತವನ್ನು ಸಮಗೊಳಿಸಲು ಎಳೆಯುವ ಬಾಗುಗೆರೆಗೆ ‘ಚಲಿಸುವ ಸರಾಸರಿ’ ಎಂಬ ಹೆಸರು ಷೇರು ಮಾರುಕಟ್ಟೆಯವರಿಗೆ ಸಾಕಾಗಬಹುದು, ಅಲ್ಲಿ 50 ದಿನ ಮತ್ತು 200 ದಿನಗಳ ಗೆರೆಗಳು ಎಲ್ಲರಿಗೂ ಪರಿಚಿತ. ಸಾಮಾನ್ಯ ಓದುಗರಿಗೆ ಕೋವಿಡ್ ಕಾಲದಲ್ಲಿ ಪರಿಚಯವಾದ ‘7 ದಿನಗಳ ಸರಾಸರಿ’ ಎಂಬ ರೂಪ ಇದಕ್ಕಿಂತ ಚೆನ್ನಾಗಿ ತಲುಪುತ್ತದೆ. ಅದಕ್ಕೆ ‘ಹಿಂದಿನ’ ಎಂದು ಸೇರಿಸಿ ‘ಹಿಂದಿನ 7 ದಿನಗಳ ಸರಾಸರಿ’ ಎಂದರೆ, ಗೆರೆಯು ಏರಿಳಿತವನ್ನು ತುಸು ತಡವಾಗಿ ತೋರಿಸುವುದೇಕೆ ಎಂಬುದೂ ಲೇಬಲ್‌ನಿಂದಲೇ ತಿಳಿಯುತ್ತದೆ.

ಶೇಕಡಾವಾರಿನ ವಿಷಯದಲ್ಲಿ ಒಂದು ಮಾತು. ‘ವಾಡಿಕೆಯ ಶೇ 94’ ಮತ್ತು ‘ವಾಡಿಕೆಗಿಂತ ಶೇ 6 ಕಡಿಮೆ’ ಎರಡೂ ಒಂದೇ. ಒಂದು ಚಾರ್ಟ್‌ನಲ್ಲಿ ಯಾವುದಾದರೂ ಒಂದೇ ಇರಲಿ. ಹೆಚ್ಚು-ಕಡಿಮೆಯನ್ನೇ ತೋರಿಸಬೇಕಾದಲ್ಲಿ ಎರಡನೆಯದು ಮೇಲು.

ಯಾವುದರ ಸರಾಸರಿ

ಪ್ರದೇಶದ ಪ್ರಶ್ನೆ ಕರ್ನಾಟಕದಂಥ ರಾಜ್ಯದಲ್ಲಿ ಇನ್ನೂ ತೊಡಕಿನದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುತ್ತದೆ, ಬಯಲುಸೀಮೆಯ ಹಲವು ತಾಲ್ಲೂಕುಗಳಲ್ಲಿ 600 ಮಿ.ಮೀ. ಬಂದರೆ ಅದೇ ಒಳ್ಳೆಯ ವರ್ಷ. ರಾಜ್ಯದ 31 ಜಿಲ್ಲೆಗಳ ಅಂಕಿಗಳನ್ನು ಕೂಡಿಸಿ 31ರಿಂದ ಭಾಗಿಸಿದರೆ ಬೆಂಗಳೂರು ನಗರ ಜಿಲ್ಲೆಗೂ ಅದರ ನಾಲ್ಕು ಪಟ್ಟಿಗಿಂತ ದೊಡ್ಡದಾದ ಉತ್ತರ ಕನ್ನಡಕ್ಕೂ ಒಂದೇ ತೂಕ ಸಿಗುತ್ತದೆ. ಹವಾಮಾನ ಇಲಾಖೆಯು ರಾಜ್ಯದ ಅಂಕಿಯನ್ನು ವಿಸ್ತೀರ್ಣಕ್ಕೆ ತಕ್ಕ ತೂಕ ಕೊಟ್ಟು ತೆಗೆಯುತ್ತದೆ. ಎರಡೂ ಲೆಕ್ಕಗಳಿಗೆ ‘ರಾಜ್ಯದ ಸರಾಸರಿ’ ಎಂಬ ಒಂದೇ ಹೆಸರು ಅಂಟಿಕೊಂಡಿರುವುದರಿಂದ ಇಲಾಖೆಯ ಅಂಕಿಗೂ ಪತ್ರಿಕೆಯ ಅಂಕಿಗೂ ತಾಳೆಯಾಗದೆ ವಾದ ಹುಟ್ಟಿಕೊಳ್ಳುತ್ತದೆ. ಮೊದಲನೆಯದನ್ನು ‘31 ಜಿಲ್ಲೆಗಳ ಸರಳ ಸರಾಸರಿ’ ಎಂದೂ ಎರಡನೆಯದನ್ನು ‘ರಾಜ್ಯದ ಸರಾಸರಿ (ವಿಸ್ತೀರ್ಣದ ತೂಕದಂತೆ)’ ಎಂದೂ ಬರೆಯುವುದು ಲೇಸು. ಇಷ್ಟಾದರೂ, ಕರಾವಳಿಯನ್ನೂ ಒಳನಾಡನ್ನೂ ಬೆರೆಸಿದ ಒಂದು ಗೆರೆಯು ಎರಡೂ ಕಡೆಯವರ ಅನುಭವಕ್ಕೆ ಹೊಂದುವುದಿಲ್ಲ. ಸಾಧ್ಯವಿದ್ದಲ್ಲಿ ಕರಾವಳಿ, ಮಲೆನಾಡು, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ನಾಲ್ಕು ಸಣ್ಣ ಚಾರ್ಟ್‌ಗಳನ್ನು ಮಾಡಿ ಪ್ರತಿಯೊಂದರಲ್ಲಿಯೂ ಆಯಾ ವಲಯದ ಗೆರೆಯನ್ನು ಎಳೆಯುವುದೇ ವಾಸಿ.

ಅಳೆಯುವ ವಸ್ತುವಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬೆಂಗಳೂರಿನ ಏಪ್ರಿಲ್‌ನ ‘ಸರಾಸರಿ ಉಷ್ಣಾಂಶ’ ಎಷ್ಟೆಂದು ಕೇಳಿದರೆ ಸುಮಾರು 34 ಡಿಗ್ರಿ ಎಂಬ ಉತ್ತರವೂ 28 ಡಿಗ್ರಿ ಎಂಬ ಉತ್ತರವೂ ದೊರೆಯುತ್ತವೆ. ಮೊದಲನೆಯದು ಪ್ರತಿದಿನದ ಗರಿಷ್ಠಗಳ ಸರಾಸರಿ, ಎರಡನೆಯದು ಗರಿಷ್ಠ ಮತ್ತು ಕನಿಷ್ಠಗಳ ನಡುವಣ ಅಂಕಿ. ‘ಸರಾಸರಿ ಗರಿಷ್ಠ ಉಷ್ಣಾಂಶ’ ಎಂಬ ಲೇಬಲ್‌ನಲ್ಲಿ ಒಂದೇ ಪದ ಹೆಚ್ಚಾದರೂ ಆರು ಡಿಗ್ರಿಗಳ ಗೊಂದಲ ತಪ್ಪುತ್ತದೆ.

ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ ಅಡಿ. ಜಲಾಶಯವು ಬೋಗುಣಿಯಂತೆ ತಳದಲ್ಲಿ ಕಿರಿದಾಗಿ ಮೇಲ್ಗಡೆ ಅಗಲವಾಗಿರುವುದರಿಂದ ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ಕೆಳಗಿನ ಒಂದು ಅಡಿಯಲ್ಲಿ ನಿಲ್ಲುವ ನೀರಿಗಿಂತ ಎಷ್ಟೋ ಹೆಚ್ಚು. ಹೀಗಾಗಿ ಹತ್ತು ವರ್ಷಗಳ ಮಟ್ಟಗಳ ಸರಾಸರಿಯನ್ನು ತೆಗೆದು ಅದನ್ನು ಟಿಎಂಸಿಗೆ ಪರಿವರ್ತಿಸಿದರೆ, ಹತ್ತು ವರ್ಷಗಳ ಸಂಗ್ರಹದ ಸರಾಸರಿಯೊಡನೆ ಅದು ಕೂಡುವುದಿಲ್ಲ. ‘ಸರಾಸರಿ ಮಟ್ಟ (ಅಡಿ)’ ಮತ್ತು ‘ಸರಾಸರಿ ಸಂಗ್ರಹ (ಟಿಎಂಸಿ ಅಡಿ)’ ಬೇರೆ ಬೇರೆ ಗೆರೆಗಳೆಂದೇ ಕಾಣಬೇಕು. ಮಂಡ್ಯ, ಮೈಸೂರಿನ ಕಡೆ ಓದುಗರು ಅಡಿಯಲ್ಲಿಯೇ ಯೋಚಿಸುವುದರಿಂದ ಮೊದಲನೆಯದು ಅವರಿಗೆ ಹತ್ತಿರ. ನೀರಿನ ಹಂಚಿಕೆಯ ಚರ್ಚೆಗೆ ಎರಡನೆಯದೇ ಬೇಕು.

ಎಲ್ಲಿ ಬರೆಯುವುದು

ಗೆರೆಯ ಬಲತುದಿಯಲ್ಲಿ, ಗೆರೆಯ ಬಣ್ಣದಲ್ಲಿಯೇ, ನೇರವಾಗಿ ಬರೆದ ಲೇಬಲ್ ಮೂಲೆಯ ಸೂಚಿಪೆಟ್ಟಿಗೆಗಿಂತ ಉತ್ತಮ. ಗೆರೆಗಳು ನಾಲ್ಕನ್ನು ಮೀರಿದರೆ ಮಾತ್ರ ಪೆಟ್ಟಿಗೆಯ ಮೊರೆಹೋಗಬೇಕಾಗಬಹುದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಲೇಬಲ್ ಮತ್ತು ಗೆರೆಯ ನಡುವೆ ತುಸು ಹೆಚ್ಚು ಅಂತರ ಬೇಕು. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಬೀಳುವುದರಿಂದ ಪ್ರಕಟಿಸುವ ಮುನ್ನ ಅಂತಿಮ ಚಿತ್ರವನ್ನೇ ತೆರೆದು ನೋಡಬೇಕು. ಲಂಬ ಅಕ್ಷದ ಉದ್ದಕ್ಕೆ ತಿರುಗಿಸಿ ಬರೆದ ಕನ್ನಡವನ್ನು ಓದುವುದು ಕಷ್ಟ, ಅದನ್ನು ಅಕ್ಷದ ನೆತ್ತಿಯ ಮೇಲೆ ಅಡ್ಡಲಾಗಿಯೇ ಬರೆಯಬಹುದು. ಜಾಗ ಉಳಿಸಲು ‘ದೀ.ಸ.’, ‘ವಾ.ಮ.’ ಎಂಬಂಥ ಮೊಟಕು ರೂಪಗಳನ್ನು ಬಳಸುವುದಕ್ಕಿಂತ ಲೇಬಲ್ ಅನ್ನು ಎರಡು ಸಾಲಾಗಿ ಮುರಿಯುವುದು ಮೇಲು; ಮೇಲಿನ ಸಾಲಿನಲ್ಲಿ ‘ವಾಡಿಕೆ ಪ್ರಮಾಣ’, ಕೆಳಗಿನ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ‘1991–2020, ಜೂನ್ 1–ಜುಲೈ 31’.

ದಾಖಲೆಯೇ ಸಾಲದಾದಾಗ

ಹೋಬಳಿ, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಈಗ ಮಳೆಯ ಅಂಕಿಗಳು ಸಿಗುತ್ತಿದ್ದರೂ ಅಲ್ಲಿನ ಬಹುತೇಕ ಸ್ವಯಂಚಾಲಿತ ಮಾಪಕಗಳಿಗೆ ಮೂವತ್ತು ವರ್ಷಗಳ ಚರಿತ್ರೆಯಿಲ್ಲ. ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟದ್ದೇ 2021ರಲ್ಲಿ. ಅದರ ಹೆಸರಿನಲ್ಲಿ 1991–2020ರ ಸರಾಸರಿಯನ್ನು ತೋರಿಸಬೇಕಾದರೆ ಈಗಿನ ಗಡಿಯೊಳಗೆ ಬರುವ ಹಳೆಯ ಕೇಂದ್ರಗಳ ಅಂಕಿಗಳಿಂದ ಅದನ್ನು ಕಟ್ಟಬೇಕು. ಆಗ ‘1991–2020ರ ಸರಾಸರಿ (ಈಗಿನ ಗಡಿಯಂತೆ)’ ಎಂಬ ಲೇಬಲ್ ಒಪ್ಪುತ್ತದೆ. ದಾಖಲೆ ಹತ್ತಿಪ್ಪತ್ತು ವರ್ಷಗಳದ್ದಾದರೆ ‘ಲಭ್ಯವಿರುವ 14 ವರ್ಷಗಳ ಸರಾಸರಿ’ ಎಂಬಂತೆ ಎಣಿಕೆಯನ್ನು ಬರೆಯಬೇಕು, ‘ವಾಡಿಕೆ’ ಎಂಬ ಪದವನ್ನು ಅಲ್ಲಿ ಬಳಸಬಾರದು. ಹತ್ತು ವರ್ಷಕ್ಕಿಂತ ಕಡಿಮೆಯಿದ್ದರೆ ಗೆರೆಯನ್ನೇ ಎಳೆಯದೆ, ಹಿಂದಿನ ಪ್ರತಿ ವರ್ಷದ ಮಳೆಯನ್ನು ಒಂದೊಂದು ತಿಳಿಬಣ್ಣದ ಚುಕ್ಕಿಯಾಗಿಟ್ಟು, ಚುಕ್ಕಿಯ ಪಕ್ಕದಲ್ಲಿ ಆ ವರ್ಷವನ್ನು ಬರೆದು, ಈ ವರ್ಷದ ಕಂಬವನ್ನು ಅವುಗಳ ನಡುವೆ ನಿಲ್ಲಿಸುವುದು ಸೂಕ್ತ.